ಪೋರ್ಟ್ಸ್‌ಮತ್‌ನ ಎಚ್‌ಎಂಎಸ್ ವಾರಿಯರ್: ಸಾಮಾನ್ಯ ಮರೀನ್ ಸಿಪಾಯಿಯ ಬದುಕನ್ನು ನೋಡಹೊರಟವರಿಗೆ

ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಕೆಂಪಂಗಿ ತೊಟ್ಟು ಪಹರೆ ನಿಲ್ಲುತ್ತಿದ್ದ ಸಾಮಾನ್ಯ ಮರೀನ್ ಸಿಪಾಯಿ ಎಲ್ಲಿ ಮಲಗುತ್ತಿದ್ದ, ಏನು ತಿನ್ನುತ್ತಿದ್ದ, ಯುದ್ಧವಿಲ್ಲದ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾವ ಕೆಲಸದಲ್ಲಿರುತ್ತಿದ್ದ ಎಂಬುದನ್ನು ಕಣ್ಣಾರೆ ತಿಳಿಯಬೇಕೆನ್ನುವವರು ಮೊದಲು ಹೋಗಬೇಕಾದ ಜಾಗ ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಬಂದರು. ಅಲ್ಲಿನ ಐತಿಹಾಸಿಕ ನೌಕಾಂಗಣದ ಪ್ರವೇಶದ್ವಾರದ ಪಕ್ಕದಲ್ಲೇ, ನೀರಿನ ಮೇಲೆ, ಎಚ್‌ಎಂಎಸ್ ವಾರಿಯರ್ ಎಂಬ ಕಪ್ಪು ಹಡಗು ವಸ್ತುಸಂಗ್ರಹಾಲಯವಾಗಿ ನಿಂತಿದೆ. ನೌಕಾ ಇತಿಹಾಸದಲ್ಲಿ ಆಸಕ್ತಿಯುಳ್ಳ ಹೆಚ್ಚಿನವರು ಈ ಹಡಗಿಗೆ ಹೋಗುವುದು ಅದರ ಕಬ್ಬಿಣದ ಕವಚವನ್ನೂ ಎಂಜಿನ್ನನ್ನೂ ನೋಡುವುದಕ್ಕಾಗಿ. ನಾನು ಹೋದದ್ದು ಅಲ್ಲಿದ್ದ ಮನುಷ್ಯರಿಗಾಗಿ, ಅವರಲ್ಲಿಯೂ ನಾವಿಕನೂ ಅಲ್ಲದ, ಭೂಸೇನೆಯವನೂ ಅಲ್ಲದ ಆ ಸಿಪಾಯಿಗಾಗಿ. ಆದ್ದರಿಂದ ಈ ವಿಮರ್ಶೆ ಅವನೊಬ್ಬನ ಕಡೆಯಿಂದ ಹಡಗನ್ನು ನೋಡುತ್ತದೆ. ಆ ಕಣ್ಣಿನಿಂದ ನೋಡಿದಾಗ ಹಡಗು ಎಲ್ಲಿ ಮಾತಾಡುತ್ತದೆ, ಎಲ್ಲಿ ಮೌನವಾಗಿರುತ್ತದೆ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ಹಡಗಿನ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಫ್ರಾನ್ಸ್ 1859ರಲ್ಲಿ ‘ಗ್ಲುವಾರ್’ ಎಂಬ ಕವಚದ ಹಡಗನ್ನು ನೀರಿಗಿಳಿಸಿದಾಗ ಬ್ರಿಟನ್ ಕೊಟ್ಟ ಉತ್ತರವೇ ವಾರಿಯರ್. ಫ್ರೆಂಚರ ಹಡಗು ಮರದ ಒಡಲಿಗೆ ಕಬ್ಬಿಣ ಹೊದಿಸಿದ್ದು; ಇದಾದರೋ ಒಡಲೇ ಕಬ್ಬಿಣದ್ದು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಕಟ್ಟಿದ ಈ ಹಡಗು 1860ರ ಡಿಸೆಂಬರ್ 29ರಂದು, ಕಟ್ಟೆಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವಷ್ಟು ಕೊರೆಯುವ ಚಳಿಯಲ್ಲಿ ನೀರಿಗಿಳಿಯಿತು. 127 ಮೀಟರಿಗೂ ಹೆಚ್ಚು ಉದ್ದ, ಸುಮಾರು 9,000 ಟನ್ ತೂಕ, ನಾಲ್ಕೂವರೆ ಅಂಗುಲ ದಪ್ಪದ ಕಬ್ಬಿಣದ ಕವಚ, ಅದರ ಬೆನ್ನಿಗೆ 18 ಅಂಗುಲ ದಪ್ಪದ ಸಾಗುವಾನಿ ಹಲಗೆ. ಕಾರವಾರದ ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ ನೌಕೆಯನ್ನು ನೋಡಿದವರು ಅದರ ಮೂರು ಪಟ್ಟಿಗೂ ಹೆಚ್ಚು ಉದ್ದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಳತೆ ಹಿಡಿತಕ್ಕೆ ಸಿಗುತ್ತದೆ. ಇದರಲ್ಲಿ ಏಳುನೂರಷ್ಟು ಜನರಿದ್ದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ರಾಯಲ್ ಮರೀನ್ಸ್ ಪಡೆಯವರು.

ವಾರಿಯರ್ ತನ್ನ ಸೇವಾವಧಿಯಲ್ಲಿ ಒಂದೇ ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸಲಿಲ್ಲ. ನನ್ನ ದೃಷ್ಟಿಯಲ್ಲಿ, ಸಾಮಾನ್ಯ ಸಿಪಾಯಿಯ ಬದುಕನ್ನು ತಿಳಿಯಲು ಇದು ತಕ್ಕ ಹಡಗಾಗಿರುವುದಕ್ಕೆ ಮುಖ್ಯ ಕಾರಣವೇ ಅದು. ಪದಕ ಪಡೆದವರ ಕಥೆಗಳನ್ನು ಓದಿ ನಾವು ಆ ಕಾಲದ ಮರೀನ್ ಸಿಪಾಯಿಯನ್ನು ಬಂದೂಕಿನ ತುದಿಗೆ ಕತ್ತಿ ಸಿಕ್ಕಿಸಿಕೊಂಡು ದಂಡೆಗೆ ಧುಮುಕುವವನಾಗಿ ಕಲ್ಪಿಸಿಕೊಳ್ಳುತ್ತೇವೆ. ಅಂಥ ಗಳಿಗೆಗಳು ಇದ್ದವು ನಿಜ. ಆದರೆ ಅವನ ಸೇವೆಯ ವರ್ಷಗಳಲ್ಲಿ ಬಹುಪಾಲು ಕಳೆದದ್ದು ಬಾಗಿಲ ಬಳಿ ನಿಲ್ಲುವುದರಲ್ಲಿ, ಹಗ್ಗ ಎಳೆಯುವುದರಲ್ಲಿ, ಕಲ್ಲಿದ್ದಲು ಹೊರುವುದರಲ್ಲಿ, ಬೆಲ್ಟಿಗೆ ಬಿಳಿಮಣ್ಣು ಹಚ್ಚುವುದರಲ್ಲಿ. ವಾರಿಯರ್ 1861ರಿಂದ 1864ರವರೆಗೆ ಬ್ರಿಟನ್ನಿನ ಸಮೀಪದ ಕಡಲನ್ನು ಕಾಯುವ ಚಾನೆಲ್ ಸ್ಕ್ವಾಡ್ರನ್ ಎಂಬ ನೌಕಾದಳದಲ್ಲಿತ್ತು. 1863ರಲ್ಲಿ ಡೆನ್ಮಾರ್ಕಿನ ರಾಜಕುಮಾರಿ ಅಲೆಕ್ಸಾಂಡ್ರಾಳನ್ನು ಕರೆತಂದ ರಾಜನೌಕೆಗೆ ಬೆಂಗಾವಲಾಯಿತು. ಅದೇ ವರ್ಷ ಬ್ರಿಟನ್ನಿನ ಬಂದರುಗಳನ್ನು ಸುತ್ತಿ ಲಕ್ಷಾಂತರ ಜನರಿಗೆ ತನ್ನನ್ನು ತೋರಿಸಿತು. 1869ರಲ್ಲಿ ಬ್ಲ್ಯಾಕ್ ಪ್ರಿನ್ಸ್ ಹಡಗಿನೊಡನೆ ಹಡಗುಗಳನ್ನು ನೀರಿನಿಂದೆತ್ತಿ ದುರಸ್ತಿ ಮಾಡುವ ಒಂದು ಬೃಹತ್ ತೇಲುವ ಒಣಕಟ್ಟೆಯನ್ನು (ಡ್ರೈ ಡಾಕ್) ಅಟ್ಲಾಂಟಿಕ್ ದಾಟಿಸಿ ಬರ್ಮುಡಾಕ್ಕೆ ಎಳೆದೊಯ್ಯಿತು. ಈ ಯಾವ ಕೆಲಸದಲ್ಲೂ ಯುದ್ಧವಿಲ್ಲ, ಆದರೆ ಪ್ರತಿಯೊಂದರಲ್ಲೂ ಆ ಸಿಪಾಯಿಗಳ ಮೈಬೆವರು ಇದೆ.

ಹಡಗು ಏರುವ ಮೊದಲು ಆ ಸಿಪಾಯಿ ಯಾರೆಂಬುದು ತಿಳಿದಿರಬೇಕು, ಏಕೆಂದರೆ ಹಡಗು ಅದನ್ನು ತಾನಾಗಿ ಹೇಳುವುದಿಲ್ಲ. ರಾಯಲ್ ಮರೀನ್ಸ್ ಪಡೆಯ ಬೇರು 1664ರಲ್ಲಿದೆ. 1755ರಿಂದ ಅದು ನೌಕಾ ಇಲಾಖೆಯ ಅಧೀನದಲ್ಲಿ, ಚಾಟಮ್, ಪೋರ್ಟ್ಸ್‌ಮತ್, ಪ್ಲಿಮತ್ ಎಂಬ ಮೂರು ನೆಲೆಗಳಲ್ಲಿ ಸ್ಥಿರವಾಗಿ ನಿಂತಿತು. 1802ರಲ್ಲಿ ಮೂರನೆಯ ಜಾರ್ಜ್ ದೊರೆ ‘ರಾಯಲ್’ ಎಂಬ ಗೌರವವನ್ನು ಕೊಟ್ಟ. ವಿಕ್ಟೋರಿಯಾ ಕಾಲದ ನಡುವೆ ಪಡೆ ಎರಡು ಬಣ್ಣಗಳಾಗಿ ಬೇರ್ಪಟ್ಟಿತು: ನೀಲಿ ಅಂಗಿಯ ಫಿರಂಗಿದಳ ಮತ್ತು ಕೆಂಪು ಅಂಗಿಯ ಲಘು ಪದಾತಿದಳ. 1847ರ ನಂತರ ಸೇರಿದವನು 12 ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳುತ್ತಿದ್ದ. ಮತ್ತೆ ಸೇರಿ ಒಟ್ಟು 21 ವರ್ಷ ಪೂರೈಸಿದರೆ ಪಿಂಚಣಿ. 1861ರಿಂದ ಹೊಸಬರಿಗೆ ಕೆಂಟ್ ತೀರದ ಡೀಲ್ ಪಟ್ಟಣದಲ್ಲಿ ತರಬೇತಿ ಕೇಂದ್ರ ತೆರೆಯಿತು. ಕವಾಯತು, ಬಂದೂಕು, ಫಿರಂಗಿ ಕಲಿತ ಮೇಲೆ ಅವನು ತನ್ನ ನೆಲೆಯ ಬ್ಯಾರಕ್ಕಿಗೆ ಹೋಗುತ್ತಿದ್ದ. ಹಡಗೊಂದು ಸೇವೆಗೆ ಸಜ್ಜಾದಾಗ ಅಲ್ಲಿಂದ ಒಂದು ತುಕಡಿ ಹೊರಡುತ್ತಿತ್ತು. ಕೆಲವು ವರ್ಷಗಳ ನಂತರ ಹಡಗು ಮರಳಿ ಸಿಬ್ಬಂದಿಯನ್ನು ಬಿಡುಗಡೆ ಮಾಡಿದಾಗ ಮತ್ತೆ ಬ್ಯಾರಕ್ಕು. ಅದೇ ಕಾಲದ ನಾವಿಕನಿಗೆ 1853ರವರೆಗೆ ಇಂಥ ಖಾಯಂ ಕೆಲಸವಿರಲಿಲ್ಲ, ಒಂದು ಹಡಗಿನ ಒಂದು ಅವಧಿಗಷ್ಟೇ ಅವನ ನೇಮಕ. ಹೀಗಾಗಿ ಹಡಗಿನ ಜನಸಮೂಹದಲ್ಲಿ ಹಿಂದಿನಿಂದಲೂ ಖಾಯಂ ನೌಕರನಾಗಿದ್ದವನು, ಶಿಸ್ತಿಗೆ ಮೊದಲೇ ಪಳಗಿದವನು ಮರೀನ್ ಸಿಪಾಯಿಯೇ. ಅಧಿಕಾರಿಗಳು ಅವನನ್ನು ನಂಬಿದ್ದು ಈ ಕಾರಣಕ್ಕೆ.

ಈಗ ಹಡಗಿನ ಒಳಗೆ. ಮೇಲಿನ ಅಟ್ಟದಲ್ಲಿ (ಡೆಕ್) ಕೂವೆಮರಗಳನ್ನೂ ಹಗ್ಗಗಳನ್ನೂ ನೋಡಿ ಮನಸ್ಸು ಸೋಲುವುದು ಸಹಜ. ಆದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಮೆಟ್ಟಿಲಿಳಿದು ಫಿರಂಗಿಗಳ ಅಂತಸ್ತಿಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಇಡೀ ಹಡಗಿನ ಜೀವ ಅಲ್ಲಿದೆ. ಎರಡೂ ಬದಿಗೆ ಸಾಲಾಗಿ 34 ಫಿರಂಗಿಗಳು, ಹೆಚ್ಚಿನವು 68 ಪೌಂಡಿನ ಗುಂಡು ಹಾರಿಸುವಂಥವು. ಒಂದು ಫಿರಂಗಿಗೂ ಮುಂದಿನದಕ್ಕೂ ನಡುವೆ ಸುಮಾರು 15 ಅಡಿ. ಆ 15 ಅಡಿಯೊಳಗೆ ಚಾವಣಿಯಿಂದ ತೂಗಿಬಿಟ್ಟ ಒಂದು ಮೇಜು, ಎರಡು ಬದಿಗೆ ಬೆಂಚು, ತಟ್ಟೆ ಲೋಟಗಳ ಗೂಡು. ಇದು ಹದಿನೆಂಟರಷ್ಟು ಜನರ ಮನೆ. ಅವರು ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ಅಂಗಿ ಹೊಲಿಯುತ್ತಿದ್ದರು, ರಾತ್ರಿ ಮೇಜನ್ನು ಸರಿಸಿ ತೊಲೆಗಳ ಕೊಕ್ಕೆಗಳಿಗೆ ತೂಗುಹಾಸಿಗೆ ಕಟ್ಟಿಕೊಂಡು ಅಲ್ಲೇ ಮಲಗುತ್ತಿದ್ದರು. ಕಹಳೆಯೂ ನಗಾರಿಯೂ ಕೇಳಿದೊಡನೆ ಅದೇ ಜಾಗವನ್ನು ನಿಮಿಷಗಳಲ್ಲಿ ತೆರವು ಮಾಡಿ ಅದೇ ಫಿರಂಗಿಗೆ ಕೈಜೋಡಿಸುತ್ತಿದ್ದರು. ಸುಮಾರು 600 ಜನ ಈ ಒಂದೇ ಅಂತಸ್ತಿನಲ್ಲಿ ಉಸಿರಾಡಿದ್ದಾರೆ. ಆ ಸಂಖ್ಯೆಯನ್ನು ಎಷ್ಟೋ ಬಾರಿ ಓದಿದ್ದರೂ, ಬೆಂಚಿನ ಮೇಲೆ ಕುಳಿತು ಮೊಣಕೈಗೆ ಫಿರಂಗಿಯ ಗಾಡಿ ತಗುಲಿದಾಗಲೇ ಅದರ ಅರ್ಥ ಮೈಗೆ ತಿಳಿಯುವುದು.

ಇಲ್ಲಿ ಮರೀನ್ ಸಿಪಾಯಿಯನ್ನು ಹುಡುಕುವವರು ಹಡಗಿನ ಹಿಂಭಾಗದತ್ತ ನಡೆಯಬೇಕು. ನೌಕಾಪಡೆಯ ಹಳೆಯ ವಾಡಿಕೆಯಂತೆ ನಾವಿಕರ ಬಿಡಾರ ಮುಂದೆ, ಅಧಿಕಾರಿಗಳ ಕೋಣೆಗಳು ಹಿಂದೆ, ಅವೆರಡರ ನಡುವೆ ಮರೀನ್ ತುಕಡಿ. ಇದು ಅನುಕೂಲಕ್ಕಾಗಿ ಮಾಡಿದ ಏರ್ಪಾಡಲ್ಲ. 1797ರಲ್ಲಿ ಇದೇ ಪೋರ್ಟ್ಸ್‌ಮತ್ ಎದುರಿನ ಸ್ಪಿಟ್‌ಹೆಡ್‌ನಲ್ಲೂ ಥೇಮ್ಸ್ ಮುಖದ ನೋರ್‌ನಲ್ಲೂ ನಾವಿಕರು ದಂಗೆಯೆದ್ದ ನೆನಪು ನೌಕಾಪಡೆಯ ಎಲುಬಿನಲ್ಲಿ ಉಳಿದಿತ್ತು. ಕಪ್ತಾನನ ಬಾಗಿಲಿಗೂ ನೂರಾರು ನಾವಿಕರಿಗೂ ನಡುವೆ ಬಂದೂಕು ಹಿಡಿದ ಜನ ಇರಬೇಕೆಂಬ ಯೋಚನೆ ಹಡಗಿನ ನಕ್ಷೆಯಲ್ಲೇ ಸೇರಿಹೋಯಿತು. ತನ್ನಷ್ಟೇ ಬಡತನದಿಂದ ಬಂದ, ತಾನು ತಿನ್ನುವ ಬಿಸ್ಕತ್ತನ್ನೇ ತಿನ್ನುವ ನಾವಿಕನ ಮೇಲೆ ಕಣ್ಣಿಡುವುದು ಈ ಸಿಪಾಯಿಯ ನಿತ್ಯದ ಉದ್ಯೋಗ. ಅದೇ ನಾವಿಕನ ಜೊತೆ ಭುಜಕ್ಕೆ ಭುಜ ಕೊಟ್ಟು ಫಿರಂಗಿ ಎಳೆಯುವುದೂ ಅವನದೇ ಉದ್ಯೋಗ. ಈ ಇಕ್ಕಟ್ಟನ್ನು ಯಾವ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ವಾರಿಯರ್‌ನ ನೆಲನಕ್ಷೆ ತೋರಿಸುತ್ತದೆ, ಮತ್ತು ಈ ಒಂದು ಕಾರಣಕ್ಕಾದರೂ ಟಿಕೆಟ್ಟಿನ ದುಡ್ಡು ಸಾರ್ಥಕವೆಂದು ನಾನು ಭಾವಿಸುತ್ತೇನೆ. ಗೋಡೆ ಮತ್ತು ಕಂಬಗಳ ಸುತ್ತ ಜೋಡಿಸಿಟ್ಟ ಎನ್‌ಫೀಲ್ಡ್ ರೈಫಲ್‌ಗಳು, ಕಿರುಕತ್ತಿಗಳು, ಪಿಸ್ತೂಲುಗಳನ್ನು ನೋಡುವಾಗಲೂ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆಯುಧಗಳು ಅಲ್ಲಿ ಅಲಂಕಾರದಂತೆ ಕಂಡರೂ ಅವುಗಳ ಕಾವಲು ಯಾರ ಕೈಯಲ್ಲಿತ್ತು ಎಂಬುದೇ ಹಡಗಿನ ಆಡಳಿತವಾಗಿತ್ತು.

ಕಪ್ತಾನನ ಕೋಣೆಗೆ ಹೋಗುವಾಗ ಬಹಳ ಜನ ನೇರ ಒಳಗೆ ನುಗ್ಗಿ ಮೇಜು ಕುರ್ಚಿಗಳನ್ನು ನೋಡುತ್ತಾರೆ. ನಾನು ಹೇಳುವುದಾದರೆ, ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಲ್ಲಿ. ಹಗಲು ರಾತ್ರಿಯೆನ್ನದೆ ಒಬ್ಬ ಮರೀನ್ ಸಿಪಾಯಿ ಅಂಥ ಜಾಗದಲ್ಲಿ ನಿಲ್ಲುತ್ತಿದ್ದ. ಮದ್ದಿನ ಕೋಣೆಯ ಬಳಿ ಒಬ್ಬ, ಮದ್ಯದ ಉಗ್ರಾಣದ ಬಳಿ ಒಬ್ಬ, ಸೆರೆಕೋಣೆಯ ಎದುರು ಒಬ್ಬ, ಹಡಗು ಹತ್ತುವ ದಾರಿಯಲ್ಲಿ ಒಬ್ಬ. ಹಡಗಿನ ಹಿಂತುದಿಯಲ್ಲಿ ತೇಲುಬಳೆಯ ಬಳಿ ಇನ್ನೊಬ್ಬ: ಯಾರಾದರೂ ನೀರಿಗೆ ಬಿದ್ದ ಕೂಗು ಕೇಳಿದೊಡನೆ ಅದನ್ನು ಬಿಡುಗಡೆ ಮಾಡುವ ಹೊಣೆ ಅವನದು. ಬಿರುಗಾಳಿಯ ರಾತ್ರಿಯಲ್ಲಿ ಒಬ್ಬನ ಪ್ರಾಣ ಉಳಿಯುವುದೂ ಹೋಗುವುದೂ ಆ ಕಾವಲುಗಾರ ಎಚ್ಚರವಾಗಿದ್ದನೇ ಎಂಬುದರ ಮೇಲೆ ನಿಂತಿತ್ತು. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿದಾಗ ರಾತ್ರಿಯ ಕಾವಲಿನವರು ಒಬ್ಬರ ನಂತರ ಒಬ್ಬರು ಎಲ್ಲವೂ ಕ್ಷೇಮವೆಂದು ಕೂಗುತ್ತಿದ್ದರು. ಪಹರೆಯಲ್ಲಿ ನಿದ್ದೆ ಹೋದವನಿಗೆ ಶಿಕ್ಷೆ ಕಠಿಣವಾಗಿತ್ತು. ನಾವಿಕರು ಅಟ್ಟದ ಮೇಲೆ ಬಹುಮಟ್ಟಿಗೆ ಬರಿಗಾಲಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಮರೀನ್ ಸಿಪಾಯಿ ಬೂಟು ತೊಟ್ಟವನು. ಹಲಗೆಯ ಮೇಲಿನ ಹೆಜ್ಜೆ ಸದ್ದಿನಿಂದಲೇ ಬರುವವನು ಯಾರೆಂದು ಕೆಳಗಿನವರಿಗೆ ಗೊತ್ತಾಗುತ್ತಿತ್ತು.

ಪಹರೆಯಿಲ್ಲದವನ ದಿನ ನಸುಕಿನಲ್ಲೇ ಶುರುವಾಗುತ್ತಿತ್ತು. ತೂಗುಹಾಸಿಗೆಯನ್ನು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನ ಗೂಡುಗಳಲ್ಲಿ ಜೋಡಿಸಬೇಕು, ಅಟ್ಟವನ್ನು ಮರಳು ಕಲ್ಲಿನಿಂದ ತಿಕ್ಕಿ ತೊಳೆಯಬೇಕು, ಆಮೇಲೆ ಕೋಕೋ ಮತ್ತು ಗಟ್ಟಿ ಬಿಸ್ಕತ್ತಿನ ಉಪಾಹಾರ. ನಂತರ ತಪಾಸಣೆ, ಪ್ರಾರ್ಥನೆ, ಕವಾಯತು. ಮಧ್ಯಾಹ್ನದ ಊಟಕ್ಕೆ ಒಂದು ದಿನ ಉಪ್ಪು ಹಾಕಿದ ದನದ ಮಾಂಸ, ಇನ್ನೊಂದು ದಿನ ಉಪ್ಪು ಹಂದಿಮಾಂಸದ ಜೊತೆ ಬಟಾಣಿ, ಕೆಲವು ದಿನ ಡಬ್ಬಿಯ ಮಾಂಸ. ಬಂದರಿನಲ್ಲಿದ್ದರೆ ತಾಜಾ ಮಾಂಸ ಮತ್ತು ತರಕಾರಿ. ಊಟದ ಹೊತ್ತಿಗೆ ನೀರು ಬೆರೆಸಿದ ರಮ್. 1850ರಿಂದ ಅದರ ದಿನದ ಪಾಲನ್ನು ಪೈಂಟಿನ ಎಂಟನೆಯ ಒಂದಕ್ಕೆ, ಅಂದರೆ ಸುಮಾರು 71 ಮಿಲಿಲೀಟರಿಗೆ ಇಳಿಸಲಾಗಿತ್ತು. ಅದಕ್ಕೂ ಮುಂಚೆ ಅದರ ಎರಡು ಪಟ್ಟು, 1824ಕ್ಕಿಂತ ಹಿಂದೆ ನಾಲ್ಕು ಪಟ್ಟು ಕೊಡುತ್ತಿದ್ದರು. ವಾರಿಯರ್‌ನ ಅಡುಗೆಮನೆಯೂ ಫಿರಂಗಿ ಅಂತಸ್ತಿನಲ್ಲೇ ಇದೆ. ಒಂದೇ ಅಡುಗೆಮನೆಯಿಂದ ಏಳುನೂರು ಜನರಿಗೆ ಬಿಸಿ ಊಟ ಹೊರಡಬೇಕಾದರೆ ಪ್ರತಿ ಮೇಜಿನಿಂದಲೂ ಸರದಿಯ ಮೇಲೆ ಒಬ್ಬ ಹೋಗಿ ಮಾಂಸದ ಪಾಲನ್ನು ಸಿದ್ಧಮಾಡಿ ಒಪ್ಪಿಸಿ ಬೆಂದದ್ದನ್ನು ಹೊತ್ತು ತರಬೇಕಿತ್ತು. ಮೇಜುಗಳ ಮೇಲೆ ಜೋಡಿಸಿಟ್ಟ ತಟ್ಟೆ, ಬೋಗುಣಿಗಳನ್ನು ಈ ಓಡಾಟದೊಡನೆ ಸೇರಿಸಿ ನೋಡಿದರೆ ಅವು ಬರಿಯ ಪ್ರದರ್ಶನದ ವಸ್ತುಗಳಾಗಿ ಉಳಿಯುವುದಿಲ್ಲ.

ಮರೀನ್ ಸಿಪಾಯಿಗೆ ಒಂದು ವಿನಾಯಿತಿ ಇತ್ತು: ಕೂವೆಮರ ಹತ್ತಿ ಹಾಯಿ ಬಿಚ್ಚುವುದು, ಸುತ್ತುವುದು ನಾವಿಕನ ಕೆಲಸ, ಅವನದಲ್ಲ. ಆದರೆ ಕೆಳಗೆ ಅಟ್ಟದ ಮೇಲೆ ನಿಂತು ಎಳೆಯಬೇಕಾದ ಪ್ರತಿಯೊಂದು ಹಗ್ಗಕ್ಕೂ ಅವನ ಕೈ ಬೇಕಿತ್ತು. ಲಂಗರು ಎತ್ತುವ ದೊಡ್ಡ ತಿರುಗಣೆಯನ್ನು ತಳ್ಳುವವರಲ್ಲಿ ಅವನು ಒಬ್ಬ. ವಾರಿಯರ್‌ಗೆ ಹಾಯಿಯೂ ಇತ್ತು, ಉಗಿಯಂತ್ರವೂ ಇತ್ತು. ಬರಿಯ ಹಾಯಿಯ ಮೇಲೆ ಓಡುವಾಗ ನೀರಿನೊಳಗಿನ ಚಾಲಕಚಕ್ರ (ಪ್ರೊಪೆಲ್ಲರ್) ಅಡ್ಡಿಯಾಗಬಾರದೆಂದು ಅದನ್ನು ಮೇಲೆತ್ತುವ ವ್ಯವಸ್ಥೆ ಮಾಡಿದ್ದರು, ಎತ್ತುವುದಕ್ಕೆ ನೂರಾರು ಜನ ಹಗ್ಗಕ್ಕೆ ಜೋತುಬೀಳಬೇಕಿತ್ತು. ಹಡಗಿನ ಹೊಟ್ಟೆಗೆ ಸುಮಾರು 850 ಟನ್ ಕಲ್ಲಿದ್ದಲು ಹಿಡಿಯುತ್ತಿತ್ತು. ಅದನ್ನು ತುಂಬುವ ದಿನ ಚೀಲ ಹೊರುವುದರಲ್ಲಿ ನಾವಿಕ, ಸಿಪಾಯಿ ಎಂಬ ಭೇದವಿರಲಿಲ್ಲ, ಹಡಗಿನ ಮೂಲೆ ಮೂಲೆಗೂ ಕರಿಪುಡಿ ನುಗ್ಗುತ್ತಿತ್ತು, ಮರುದಿನ ಎಲ್ಲವನ್ನೂ ತೊಳೆಯುವುದೂ ಅದೇ ಜನ. ಕೆಳಗಿನ ಅಂತಸ್ತಿನಲ್ಲಿ ಕೈಯಿಂದ ತಿರುಗಿಸುವ ಬಟ್ಟೆ ಒಗೆಯುವ ಯಂತ್ರವನ್ನು ನೋಡುವಾಗ ಈ ಕಲ್ಲಿದ್ದಲ ದಿನ ನೆನಪಿರಲಿ. ಕೆಂಪಂಗಿಯೇನೋ ವಿಧ್ಯುಕ್ತ ಸಂದರ್ಭಗಳಿಗೆ, ಬಂದರಿನ ಪಹರೆಗೆ. ದಿನನಿತ್ಯದ ಕೆಲಸಕ್ಕೆ ಅವನು ತೊಟ್ಟದ್ದು ಒರಟು ನೀಲಿ ಬಟ್ಟೆ.

ಅಧಿಕಾರಿಗಳ ಸೇವಕರಾಗಿದ್ದವರೂ ಹೆಚ್ಚಾಗಿ ಇವರೇ. ಅಧಿಕಾರಿಗಳ ಊಟದ ಮನೆಯನ್ನೂ ಅದರ ಎರಡೂ ಬದಿಯ ಚಿಕ್ಕ ಚಿಕ್ಕ ಖಾಸಗಿ ಕೋಣೆಗಳನ್ನೂ ಹಡಗಿನಲ್ಲಿ ಬಹಳ ಚೆನ್ನಾಗಿ ಸಜ್ಜುಗೊಳಿಸಿದ್ದಾರೆ. ಗಾಜಿನ ಲೋಟ, ಬೆಳ್ಳಿಯ ಚಮಚ, ಮಂಚ, ಕ್ಷೌರದ ಬಟ್ಟಲು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಆ ಬಟ್ಟಲಿಗೆ ಬೆಳಿಗ್ಗೆ ಬಿಸಿನೀರು ತಂದವನು, ಆ ಬೂಟುಗಳಿಗೆ ಬಣ್ಣ ಹಚ್ಚಿದವನು ಸಾಮಾನ್ಯ ಮರೀನ್ ಸಿಪಾಯಿ. ಹಡಗಿನ ಕಟುಕ, ಕ್ಷೌರಿಕ, ದೀಪ ನೋಡಿಕೊಳ್ಳುವವ ಮೊದಲಾದ ಚಿಲ್ಲರೆ ಹುದ್ದೆಗಳಿಗೂ ಅವರನ್ನೇ ಆರಿಸುತ್ತಿದ್ದರು. ಸಿಪಾಯಿಗಿರಿಗೆಂದು ಡೀಲ್‌ನಲ್ಲಿ ಪಳಗಿದವನೊಬ್ಬ ವರ್ಷಗಟ್ಟಲೆ ಇನ್ನೊಬ್ಬರ ತಟ್ಟೆ ತೊಳೆಯುವುದರಲ್ಲಿ ಸೇವೆ ಮುಗಿಸಿರುವುದು ಸಾಧ್ಯವಿತ್ತು. ಅದರಿಂದ ಬರುವ ಸ್ವಲ್ಪ ಹೆಚ್ಚಿನ ಹಣ ಮನೆಗೆ ಸಂಬಳದ ಪಾಲು ಕಳುಹಿಸುವವನಿಗೆ ಬೇಡವಾಗಿರಲೂ ಇಲ್ಲ. ನನಗೆ ಈ ಸೇವಕನ ಬದುಕು ಪದಕ ಪಡೆದವನ ಬದುಕಿನಷ್ಟೇ ತಿಳಿಯಬೇಕಾದದ್ದು ಎನಿಸುತ್ತದೆ, ಏಕೆಂದರೆ ಹಡಗು ದಿನದಿನವೂ ನಡೆದದ್ದು ಅಂಥವರ ಕೈಯಿಂದ.

ಕೆಳಗಿನ ಅಂತಸ್ತಿನ ಸೆರೆಕೋಣೆಗಳು ಚಿಕ್ಕವು, ಕತ್ತಲು. ವಾರಿಯರ್ ಸೇವೆಯಲ್ಲಿದ್ದಾಗ ಚಾವಟಿಯ ಶಿಕ್ಷೆ ಇನ್ನೂ ಇತ್ತು. ಶಾಂತಿಕಾಲದಲ್ಲಿ ಅದನ್ನು ತಡೆಹಿಡಿದದ್ದು 1871ರಲ್ಲಿ, ಯುದ್ಧಕಾಲದಲ್ಲೂ ತಡೆಹಿಡಿದದ್ದು 1879ರಲ್ಲಿ. ಶಿಕ್ಷೆಯ ಹೊತ್ತಿನಲ್ಲಿ ಇಡೀ ಸಿಬ್ಬಂದಿಯನ್ನು ಸೇರಿಸಿ, ಮರೀನ್ ತುಕಡಿಯನ್ನು ಬಂದೂಕಿಗೆ ಕತ್ತಿ ಸಿಕ್ಕಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ತನ್ನದೇ ತುಕಡಿಯವನು ತಪ್ಪು ಮಾಡಿದಾಗಲೂ ಅವರು ಹಾಗೆಯೇ ನಿಂತು ನೋಡಬೇಕಿತ್ತು.

ಪ್ರದರ್ಶನದ ಕ್ರಮದ ಬಗ್ಗೆ ಹೇಳಬೇಕಾದದ್ದಿದೆ. ಹಡಗನ್ನು 1861ರ ರೂಪಕ್ಕೆ ತಂದವರು ಅದನ್ನು ಗಾಜಿನ ಪೆಟ್ಟಿಗೆಗಳಿಂದಲೂ ಬರಹದ ಫಲಕಗಳಿಂದಲೂ ತುಂಬಲಿಲ್ಲ. ಸಿಬ್ಬಂದಿ ಈಗಷ್ಟೇ ದಂಡೆಗೆ ಇಳಿದುಹೋದಂತೆ ಎಲ್ಲವನ್ನೂ ಇಟ್ಟಿದ್ದಾರೆ. ಇದು ಯೋಚಿಸಿ ಮಾಡಿದ ಆಯ್ಕೆ, ಮತ್ತು ಮನೆಮಂದಿಯೆಲ್ಲ ಸೇರಿ ನೋಡಲು ಬರುವವರಿಗೆ ಇದು ಹಿತವಾಗಿದೆ: ಬೆಂಚಿನ ಮೇಲೆ ಕೂರಬಹುದು, ನಿಧಾನವಾಗಿ ತಿರುಗಾಡಬಹುದು, ಓದುವ ಒತ್ತಡವಿಲ್ಲ. ಆದರೆ ನನ್ನಂತೆ ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದು ಹೋದವನಿಗೆ ಅದೇ ಕ್ರಮ ತೊಡಕಾಗುತ್ತದೆ, ಏಕೆಂದರೆ ಯಾವ ಮೇಜು ನಾವಿಕರದು, ಯಾವುದು ಮರೀನರದು, ಯಾವ ಜಾಗದಲ್ಲಿ ಪಹರೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಪರಿಹಾರ ಅಂತಸ್ತುಗಳಲ್ಲಿ ನಿಂತಿರುವ ಮಾರ್ಗದರ್ಶಕರು. ಅವರನ್ನು ಸುಮ್ಮನೆ ಹಡಗಿನ ಬಗ್ಗೆ ಹೇಳಿ ಎಂದರೆ ಕವಚ, ಎಂಜಿನ್, ವೇಗ ಎಂದು ಮೊದಲಾಗುವುದು ಸಹಜ. ಮರೀನ್ ತುಕಡಿ ಎಲ್ಲಿ ಉಣ್ಣುತ್ತಿತ್ತು, ಯಾವ ಫಿರಂಗಿಗಳು ಅವರ ಪಾಲಿಗೆ ಬರುತ್ತಿದ್ದವು, ಪಹರೆ ಹೇಗೆ ಬದಲಾಗುತ್ತಿತ್ತು ಎಂದು ನೇರವಾಗಿ ಕೇಳಬೇಕು. ಕೇಳಿದರೆ ಸಿಗುವ ಉತ್ತರಗಳೇ ಭೇಟಿಯ ಬಹುದೊಡ್ಡ ಲಾಭ. ಆದ್ದರಿಂದ ಜನ ಕಡಿಮೆ ಇರುವ ಬೆಳಗಿನ ಹೊತ್ತು ಹೋಗುವುದು ಮೇಲು.

ಎದುರಿಗೆ ಕಾಣುವುದೆಲ್ಲ ಹಳೆಯದೆಂದು ಭಾವಿಸಬಾರದು. ವಾರಿಯರ್ ಸುಮಾರು 50 ವರ್ಷ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ತೈಲ ತುಂಬುವ ಕಟ್ಟೆಯಾಗಿ, ಕೂವೆಯೂ ಇಲ್ಲದೆ ಎಂಜಿನ್ನೂ ಇಲ್ಲದೆ ಬಿದ್ದಿತ್ತು. 1979ರಲ್ಲಿ ಅದನ್ನು ಹಾರ್ಟಲ್‌ಪೂಲ್‌ಗೆ ಎಳೆದೊಯ್ದು ಎಂಟು ವರ್ಷ ದುರಸ್ತಿ ಮಾಡಿದರು. ಪೋರ್ಟ್ಸ್‌ಮತ್‌ಗೆ ಬಂದದ್ದು 1987ರ ಜೂನ್ 16ರಂದು. ಕಬ್ಬಿಣದ ಒಡಲೂ ಕವಚವೂ ಮೂಲದವು. ಫಿರಂಗಿಗಳು ಬಹುಮಟ್ಟಿಗೆ ಅಚ್ಚಿನಿಂದ ತೆಗೆದ ನಾರುಗಾಜಿನ (ಫೈಬರ್‌ಗ್ಲಾಸ್) ಪ್ರತಿರೂಪಗಳು, ಎಂಜಿನ್ ಹೊಸದಾಗಿ ಮಾಡಿದ ಪ್ರತಿಕೃತಿ. ಇದರಿಂದ ನನಗೆ ಅತೃಪ್ತಿಯಾಗಲಿಲ್ಲ. ಅಂತಸ್ತಿನ ಎತ್ತರ, ಫಿರಂಗಿ ಕಂಡಿಗಳ ನಡುವಣ ಅಂತರ, ಬೆಳಕು ಬೀಳುವ ರೀತಿ ಇವು ಸಿಪಾಯಿಯ ಬದುಕನ್ನು ಅಳೆಯಲು ಬೇಕಾದವು, ಇವು ಸುಳ್ಳಲ್ಲ. ಆದರೆ 600 ಜನರ ಬೆವರು, ಒದ್ದೆ ಬಟ್ಟೆ, ಎಣ್ಣೆದೀಪ, ಕಲ್ಲಿದ್ದಲ ಹೊಗೆ ಸೇರಿದ ವಾಸನೆಯೂ ಗದ್ದಲವೂ ಇಲ್ಲದ ಹಡಗು ನಿಜಕ್ಕಿಂತ ಚೆಂದವಾಗಿ ಕಾಣುತ್ತದೆ. ಅದನ್ನು ನೋಡುಗರೇ ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಕು.

ಮರೀನ್ ಸಿಪಾಯಿಯ ಕಥೆಯ ಇನ್ನೊಂದು ಅರ್ಧ ಈ ಹಡಗಿನಲ್ಲಿಲ್ಲ, ಇರುವುದು ಸಾಧ್ಯವೂ ಇಲ್ಲ. ಅದು ಹಡಗಿನಿಂದ ಇಳಿದು ಬೇರೆಯವರ ನೆಲದ ಮೇಲೆ ಮಾಡಿದ ಯುದ್ಧಗಳ ಕಥೆ. ಕ್ರಿಮಿಯಾದ ಇಂಕರ್ಮನ್‌ನಲ್ಲಿ 1854ರ ನವೆಂಬರ್ 5ರಂದು ತೋರಿದ ಶೌರ್ಯಕ್ಕಾಗಿ ಕಾರ್ಪೊರಲ್ ಜಾನ್ ಪ್ರೆಟಿಜಾನ್ಸ್ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಮರೀನ್ ಆದ. ಚೀನಾದ ಕ್ಯಾಂಟನ್ ನಗರವನ್ನು 1857ರಲ್ಲಿ ಹಿಡಿದವರಲ್ಲಿ, 1864ರಲ್ಲಿ ಜಪಾನಿನ ಶಿಮೊನೊಸೆಕಿ ಕೋಟೆಗಳ ಮೇಲೆ ಬಿದ್ದವರಲ್ಲಿ, 1882ರಲ್ಲಿ ಈಜಿಪ್ಟಿನ ತೆಲ್ ಎಲ್ ಕಬೀರ್‌ನಲ್ಲಿ ನುಗ್ಗಿದವರಲ್ಲಿ ಮರೀನರಿದ್ದರು. ಭಾರತದವರಾದ ನಮಗೆ ನೆನಪಿರಬೇಕಾದದ್ದು ಶಾನನ್ ಹಡಗು: 1857ರಲ್ಲಿ ಕಪ್ತಾನ ವಿಲಿಯಂ ಪೀಲ್ ಕಲ್ಕತ್ತೆಯಲ್ಲಿ ನಾವಿಕರನ್ನೂ ಮರೀನರನ್ನೂ ಇಳಿಸಿ, ಹಡಗಿನ ಭಾರಿ ಫಿರಂಗಿಗಳನ್ನು ಗಂಗೆಯ ಮೇಲಕ್ಕೆ ಸಾಗಿಸಿ, ಅಲಹಾಬಾದ್ ದಾಟಿ ಲಖನೌವರೆಗೆ ಕೊಂಡೊಯ್ದ. ಪೀಲ್ 1858ರಲ್ಲಿ ಕಾನ್ಪುರದಲ್ಲಿ ಸಿಡುಬಿನಿಂದ ಸತ್ತ. ವಾರಿಯರ್‌ನ ಮೇಜಿನ ಮುಂದೆ ಕುಳಿತು ಬಡ ಸಿಪಾಯಿಯ ಕಷ್ಟವನ್ನು ಕಂಡು ಮರುಗುವಾಗ, ಅವನ ಬಂದೂಕು ಯಾರ ಮೇಲೆ ತಿರುಗಿತ್ತು ಎಂಬುದನ್ನೂ ನಾನು ಮರೆಯಲಾರೆ. ಎರಡೂ ಸತ್ಯ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ.

ವ್ಯಾವಹಾರಿಕ ವಿಷಯಗಳು. ಲಂಡನ್ನಿನ ವಾಟರ್‌ಲೂನಿಂದ ರೈಲು ನೇರವಾಗಿ ಪೋರ್ಟ್ಸ್‌ಮತ್ ಹಾರ್ಬರ್ ನಿಲ್ದಾಣಕ್ಕೆ ಬರುತ್ತದೆ. ಇಳಿದರೆ ಹಡಗು ಕಣ್ಣೆದುರಿಗೇ ಇದೆ, ಬಸ್ಸಾಗಲಿ ಟ್ಯಾಕ್ಸಿಯಾಗಲಿ ಬೇಡ. ಅಂತಸ್ತುಗಳ ನಡುವಿನ ಮೆಟ್ಟಿಲುಗಳು ಏಣಿಯಷ್ಟು ಕಡಿದು. ಮಂಡಿನೋವಿರುವವರು, ಕಂಕುಳಲ್ಲಿ ಮಗುವಿರುವವರು ಕೆಳಗಿನ ಅಂತಸ್ತುಗಳಿಗೆ ಇಳಿಯುವ ಮೊದಲು ಯೋಚಿಸಬೇಕು. ಸೀರೆ ಉಟ್ಟು ಇಳಿಯುವುದು ಕಷ್ಟ. ಫಿರಂಗಿ ಅಂತಸ್ತೊಂದನ್ನೇ ಚೆನ್ನಾಗಿ ನೋಡಿದರೂ ಹೋದದ್ದು ವ್ಯರ್ಥವಾಗುವುದಿಲ್ಲ. ನೌಕಾಂಗಣದಲ್ಲಿ ನೌಕಾಧಿಪತಿ ನೆಲ್ಸನ್‌ನ ವಿಕ್ಟರಿ ಹಡಗೂ ಮೇರಿ ರೋಸ್ ಹಡಗಿನ ಅವಶೇಷವೂ ಇರುವುದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆಸೆ ಹುಟ್ಟುತ್ತದೆ. ಮರೀನ್ ಸಿಪಾಯಿಗಾಗಿ ಬಂದವರು ಆ ಆಸೆಯನ್ನು ಬಿಟ್ಟು ವಾರಿಯರ್‌ಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಮೊದಲು ಪೋರ್ಟ್ಸ್‌ಮತ್‌ನದೇ ಭಾಗವಾದ ಈಸ್ಟ್ನಿಯ ಹಳೆಯ ಫಿರಂಗಿದಳದ ಬ್ಯಾರಕ್ಕಿನಲ್ಲಿ ರಾಯಲ್ ಮರೀನ್ಸ್ ವಸ್ತುಸಂಗ್ರಹಾಲಯವಿತ್ತು, ಅದು 2017ರಲ್ಲಿ ಮುಚ್ಚಿತು. ಹಳೆಯ ಪ್ರವಾಸಿ ಪುಸ್ತಕಗಳನ್ನು ನಂಬಿ ಅಲ್ಲಿಗೆ ಹೋಗಬೇಡಿ. ಸಮಯವಿದ್ದರೆ ನಿಲ್ದಾಣದ ಪಕ್ಕದಿಂದಲೇ ಹೊರಡುವ ದೋಣಿಯಲ್ಲಿ ಎದುರು ದಂಡೆಯ ಗಾಸ್‌ಪೋರ್ಟ್‌ಗೆ ದಾಟಬಹುದು. 1848ರಿಂದ ಪೋರ್ಟ್ಸ್‌ಮತ್ ವಿಭಾಗದ ಕೆಂಪಂಗಿಯವರ ನೆಲೆಯಾಗಿದ್ದ ಫೋರ್ಟನ್ ಬ್ಯಾರಕ್ ಅಲ್ಲಿತ್ತು. ಹಡಗಿಗೂ ಬ್ಯಾರಕ್ಕಿಗೂ ನಡುವೆ ಅವನ ಬದುಕು ತೂಗುತ್ತಿದ್ದ ದೂರ ಆ ಸಣ್ಣ ಪ್ರಯಾಣದಲ್ಲಿ ಅರಿವಾಗುತ್ತದೆ.

ಹೆಸರಿರುವ ಒಬ್ಬ ಸಿಪಾಯಿಯನ್ನು ಹಿಂಬಾಲಿಸಬೇಕೆನ್ನುವವರಿಗೆ ಲಂಡನ್ ಹೊರವಲಯದ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಮರೀನರ ಸೇರ್ಪಡೆ ಪತ್ರಗಳೂ ಸೇವಾ ದಾಖಲೆಗಳೂ ಇವೆ. ಹುಟ್ಟಿದ ಊರು, ಮೊದಲಿದ್ದ ಕಸುಬು, ಎತ್ತರ, ಕೂದಲ ಬಣ್ಣ, ದುಡಿದ ಹಡಗುಗಳು, ನಡತೆಯ ಬಗೆಗಿನ ಷರಾ ಎಲ್ಲ ಅದರಲ್ಲಿ ದೊರೆಯುತ್ತವೆ. ಇನ್ನೊಂದು ಹಡಗನ್ನೇ ನೋಡಬೇಕೆನ್ನುವವರು ವಾರಿಯರ್ ದುರಸ್ತಿಯಾದ ಹಾರ್ಟಲ್‌ಪೂಲ್‌ಗೆ ಹೋಗಲಿ. ಅಲ್ಲಿ ಈಗ ಟ್ರಿಂಕಾಮಲೀ ಇದೆ: 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ಸಾಗುವಾನಿಯಿಂದ ಕಟ್ಟಿದ, ವಿಕ್ಟೋರಿಯಾ ಕಾಲದಲ್ಲಿ ಉತ್ತರ ಅಮೆರಿಕದ ತೀರದಲ್ಲೂ ಪೆಸಿಫಿಕ್‌ನಲ್ಲೂ ಸೇವೆ ಮಾಡಿದ ಹಾಯಿಹಡಗು. ಉಗಿಯಂತ್ರಕ್ಕೆ ಮುಂಚಿನ ಮರೀನ್ ಸಿಪಾಯಿ ಎಷ್ಟು ಇಕ್ಕಟ್ಟಿನಲ್ಲಿದ್ದ ಎಂಬುದನ್ನು ವಾರಿಯರ್‌ನ ವಿಶಾಲವಾದ ಅಂತಸ್ತು ತೋರಿಸಲಾರದು. ಅದಕ್ಕೆ ಟ್ರಿಂಕಾಮಲೀಯ ತಲೆತಗ್ಗಿಸಿ ನಡೆಯಬೇಕಾದ ಕೆಳ ಅಟ್ಟವನ್ನೇ ನೋಡಬೇಕು. ಎರಡನ್ನೂ ನೋಡಲು ಸಾಧ್ಯವಿರುವವರು ಟ್ರಿಂಕಾಮಲೀಯನ್ನು ಮೊದಲು, ವಾರಿಯರ್ ಅನ್ನು ಆಮೇಲೆ ನೋಡುವುದು ಒಳ್ಳೆಯದು.